ಮೊದಲು ಓದುವ ಇಂಗ್ಲಿಷ್ ಕಲಿಸಿ

ಪದವಿ ವಿದ್ಯಾರ್ಥಿಗಳಿಗೆ, ಅವರ ಹೆತ್ತವರಿಗೆ, ನಮ್ಮ ಸಹೋದ್ಯೋಗಿಗಳಿಗೆ

ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಸೇರುವ ಹುಡುಗ ಹುಡುಗಿಯರು ಇಂಗ್ಲಿಷಿಗೆ ಹೊಸಬರಲ್ಲ. 2007ರಿಂದೀಚೆಗೆ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಎಸ್ಸೆಸ್ಸೆಲ್ಸಿಯಲ್ಲಿ 100 ಅಂಕದ ವಿಷಯ, ಪಿಯುಸಿಯಲ್ಲಿ ಮತ್ತೆರಡು ವರ್ಷ. ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ 12 ವರ್ಷದ ಇಂಗ್ಲಿಷ್ ಆಗಿರುತ್ತದೆ. ಆದರೂ ಅರ್ಥಶಾಸ್ತ್ರದ ಒಂದು ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟು, ಒಂದು ಪುಟ ಓದಿ, ಲೇಖಕ ಏನು ಹೇಳುತ್ತಿದ್ದಾನೆ ಎಂದು ಕೇಳಿದರೆ ತರಗತಿಯೇ ತಲೆ ತಗ್ಗಿಸುತ್ತದೆ. ಗಟ್ಟಿಯಾಗಿ ಓದು ಎಂದರೆ ಹೆಚ್ಚಿನವರು ಓದುತ್ತಾರೆ, ಉಚ್ಚಾರವೂ ಅಷ್ಟೇನೂ ಕೆಟ್ಟಿರುವುದಿಲ್ಲ. ಅರ್ಥ ಕೇಳಿದಾಗ ಮಾತ್ರ ಬಾಯಿ ಕಟ್ಟುತ್ತದೆ.

ಇದು ಮಕ್ಕಳ ದಡ್ಡತನ ಅಲ್ಲವೇ ಅಲ್ಲ. ಇವರಿಗೆ ಇಂಗ್ಲಿಷ್ ಪಾಠ ಮಾಡಿದವರು ಬೇಕಾದಷ್ಟು ಜನ, ಇಂಗ್ಲಿಷ್ ಓದುವುದನ್ನು ಕಲಿಸಿದವರು ವಿರಳ. ಹೈಸ್ಕೂಲಿನಲ್ಲಿ ಪಾಸಿಂಗ್ ಪ್ಯಾಕೇಜ್ ಕೊಟ್ಟರು: ಈ ಪದ್ಯ ಬಾಯಿಪಾಠ, ಈ ಪತ್ರದ ನಮೂನೆ ಬಾಯಿಪಾಠ, ಈ ನಾಲ್ಕು ಪ್ರಶ್ನೆಗೆ ಈ ನಾಲ್ಕು ಉತ್ತರ. ಕಾಲೇಜಿಗೆ ಬಂದ ಮೇಲೆ ಗೈಡು, ಗೇಟಿನೆದುರಿನ ಜೆರಾಕ್ಸ್ ಅಂಗಡಿಯ ನೋಟ್ಸು, ಈಚೆಗೆ ವಾಟ್ಸ್ಆ್ಯಪ್ ಗ್ರೂಪಿನ ಪಿಡಿಎಫ್. ಮೂರು ವರ್ಷ ಮುಗಿಸಿ ಹೊರಗೆ ಹೋಗುವವರಲ್ಲಿ ಎಷ್ಟೋ ಮಂದಿ ತಮ್ಮ ವಿಷಯದ ಒಂದೇ ಒಂದು ಇಂಗ್ಲಿಷ್ ಪುಸ್ತಕವನ್ನೂ ಆದಿಯಿಂದ ಅಂತ್ಯದವರೆಗೆ ಓದಿರುವುದಿಲ್ಲ. ಇದನ್ನು ಬಲ್ಲ ನಾವೆಲ್ಲ ಸುಮ್ಮನಿದ್ದೇವೆ.

ಹೆತ್ತವರು ಮಾತ್ರ ಸುಮ್ಮನಿಲ್ಲ. ಸಾಲ ಮಾಡಿಯಾದರೂ ಮಗಳನ್ನು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ‘30 ದಿನಗಳಲ್ಲಿ ಇಂಗ್ಲಿಷ್’ ಪುಸ್ತಕ ಕೊಂಡುಕೊಡುತ್ತಾರೆ. ಅಲ್ಲಿ ಕಲಿಯುವುದು ಹೆಸರು ಊರು ಹೇಳಿಕೊಳ್ಳುವುದು, ಹೋಟೆಲಿನಲ್ಲಿ ತಿಂಡಿ ಕೇಳುವುದು, ಸಂದರ್ಶನದಲ್ಲಿ ಕೈಕುಲುಕುವುದು. ಅದು ಬೇಡವೆಂದಲ್ಲ. ಆದರೆ ಮೂರನೇ ಸೆಮಿಸ್ಟರಿನ ಪುಸ್ತಕ ಅದರಿಂದ ಅರ್ಥವಾಗುವುದಿಲ್ಲ. ಮಾತಿನ ಇಂಗ್ಲಿಷ್ ಬೇರೆ, ಪುಸ್ತಕದ ಇಂಗ್ಲಿಷ್ ಬೇರೆ. ಓದಿಗೆ ಬೇಕಾದದ್ದು ಎರಡನೆಯದು. ಅದನ್ನು ಮೊದಲು ಕಲಿಸಬೇಕು, ಕನ್ನಡವನ್ನು ಬಳಸಿಯೇ ಕಲಿಸಬೇಕು, ವಿದ್ಯಾರ್ಥಿಯ ಸ್ವಂತ ವಿಷಯದ ಪುಸ್ತಕ ಇಟ್ಟುಕೊಂಡೇ ಕಲಿಸಬೇಕು. ಈ ಕರಪತ್ರ ಹೇಳುವುದು ಇದನ್ನೇ.

ಒಂದು ವಾಕ್ಯ ನೋಡೋಣ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಇಂಥವು ಸಾಲುಸಾಲಾಗಿ ಬರುತ್ತವೆ: “ದಿ ಡಿಮ್ಯಾಂಡ್ ಫಾರ್ ಎ ಕಮಾಡಿಟಿ ಹೂಸ್ ಪ್ರೈಸ್ ಹ್ಯಾಸ್ ರಿಸನ್ ಮೇ ನಾಟ್ ಫಾಲ್ ಅನ್‌ಲೆಸ್ ಎ ಸಬ್‌ಸ್ಟಿಟ್ಯೂಟ್ ಈಸ್ ಅವೈಲಬಲ್.” ಇದರಲ್ಲಿ ಗೊತ್ತಿಲ್ಲದ ಪದ ಹೆಚ್ಚೆಂದರೆ ಒಂದೋ ಎರಡೋ. ಡಿಮ್ಯಾಂಡ್, ಪ್ರೈಸ್, ಫಾಲ್ ಎಲ್ಲವೂ ಪರಿಚಿತವೇ. ಆದರೂ ತರಗತಿಯಲ್ಲಿ ಮೊದಲು ಬರುವ ಉತ್ತರ “ಬೆಲೆ ಇಳಿಯುವುದಿಲ್ಲ” ಎಂದು. ಏಕೆಂದರೆ ಕಣ್ಣು ‘ಪ್ರೈಸ್’ ಅನ್ನೂ ‘ಫಾಲ್’ ಅನ್ನೂ ಹಿಡಿದು ಎರಡಕ್ಕೂ ಗಂಟು ಹಾಕಿತು. ವಾಕ್ಯ ಹೇಳುತ್ತಿರುವುದು ಬೆಲೆ ಇಳಿಯುವ ಸಂಗತಿಯನ್ನಲ್ಲ. ಬೆಲೆ ಆಗಲೇ ಏರಿದೆ. ಇಳಿಯಬೇಕೋ ಬೇಡವೋ ಎಂಬ ಮಾತು ಬೇಡಿಕೆಯದು.

ಈಗ ಪೆನ್ಸಿಲ್ ಹಿಡಿದು ಕೇಳಿ: ಈ ವಾಕ್ಯದ ಮುಖ್ಯ ಕ್ರಿಯಾಪದ ಯಾವುದು? ‘ಮೇ ನಾಟ್ ಫಾಲ್’. ಯಾವುದು ಇಳಿಯದೇ ಇರಬಹುದು? ‘ಡಿಮ್ಯಾಂಡ್’. ಹಾಗಾದರೆ ನಡುವೆ ಬಂದಿರುವ ‘ಹೂಸ್ ಪ್ರೈಸ್ ಹ್ಯಾಸ್ ರಿಸನ್’ ಏನು? ಅದು ‘ಕಮಾಡಿಟಿ’ಗೆ ಹತ್ತಿದ ವಿಶೇಷಣ. ಅದರ ಸುತ್ತ ಒಂದು ಕಂಸ ಹಾಕಿ. ಕನ್ನಡದಲ್ಲಿ ಇದನ್ನೇ ನಾವು ‘ಬೆಲೆ ಏರಿದ ಸರಕು’ ಎನ್ನುತ್ತೇವೆ. ‘ಮಾಡುವ, ಮಾಡಿದ, ಮಾಡದ’ ಎಂದು ಹೈಸ್ಕೂಲಿನಲ್ಲಿ ಕಲಿತ ಕೃದಂತವೇ ಇದು. ಕನ್ನಡದಲ್ಲಿ ವಿಶೇಷಣ ನಾಮಪದಕ್ಕಿಂತ ಮುಂಚೆ ಬಂದು ಕೂರುತ್ತದೆ, ಇಂಗ್ಲಿಷಿನಲ್ಲಿ ಇಂಥ ಉದ್ದದ ವಿಶೇಷಣ ನಾಮಪದದ ಬೆನ್ನಿಗೆ ಬಂದು ಕ್ರಿಯಾಪದವನ್ನು ದೂರ ತಳ್ಳುತ್ತದೆ. ಉಳಿದದ್ದು ‘ಅನ್‌ಲೆಸ್’, ಬದಲಿ ಸರಕು ಸಿಗದಿದ್ದರೆ. ಈಗ ಕೂಡಿಸಿ: ಬೆಲೆ ಏರಿದ ಸರಕಿಗೆ ಬದಲಿ ಸರಕು ಸಿಗದಿದ್ದರೆ ಅದರ ಬೇಡಿಕೆ ಇಳಿಯದೇ ಇರಬಹುದು. ಉಪ್ಪಿನ ಬೆಲೆ ಏರಿದರೂ ಯಾರೂ ಉಪ್ಪು ಬಿಡುವುದಿಲ್ಲ ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದನೆಂದರೆ ಅವತ್ತಿನ ಇಂಗ್ಲಿಷ್ ಪಾಠವೂ ಆಯಿತು, ಅರ್ಥಶಾಸ್ತ್ರದ ಪಾಠವೂ ಆಯಿತು.

ವ್ಯಾಕರಣ ಎಂದರೆ ಇದು. ನಾವು ಕಲಿಸುತ್ತಿರುವುದು ಇದನ್ನಲ್ಲ. ವಾಯ್ಸ್ ಬದಲಿಸು, ರಿಪೋರ್ಟೆಡ್ ಸ್ಪೀಚಿಗೆ ತಿರುಗಿಸು, ಕ್ವೆಶ್ಚನ್ ಟ್ಯಾಗ್ ಹಾಕು. ಒಂದೊಂದಕ್ಕೂ ಒಂದೊಂದು ಅಂಕ. ಸ್ವಾತಂತ್ರ್ಯಕ್ಕೂ ಮುಂಚಿನ ರೆನ್ ಮತ್ತು ಮಾರ್ಟಿನ್ ಪುಸ್ತಕ ಇವತ್ತಿಗೂ ಸ್ಟಾಫ್ ರೂಮಿನ ಮೇಜಿನ ಮೇಲಿದೆ. ಒಳ್ಳೆಯ ಪುಸ್ತಕವೇ, ತಕರಾರಿಲ್ಲ. ಆದರೆ ರಾಮನಿಂದ ರಾವಣನನ್ನು ಕರ್ಮಣಿಯಲ್ಲಿ ವರ್ಷ ವರ್ಷ ಕೊಲ್ಲಿಸಿದ ನಾವು, ರಸಾಯನಶಾಸ್ತ್ರದ ಪುಸ್ತಕವೆಲ್ಲ ಏಕೆ ಕರ್ಮಣಿಯಲ್ಲಿದೆ ಎಂದು ಯಾವತ್ತಾದರೂ ಹೇಳಿದ್ದೇವೆಯೇ? ಪ್ರನಾಳಕ್ಕೆ ಆಮ್ಲ ಹಾಕಿದವರು ಯಾರು ಎಂಬುದು ಅಲ್ಲಿ ಮುಖ್ಯವಲ್ಲ, ಹಾಕಿದಾಗ ಏನಾಯಿತು ಎಂಬುದು ಮುಖ್ಯ. ಅದಕ್ಕೇ ಕರ್ತೃ ಮಾಯವಾಗಿರುತ್ತಾನೆ. ಇಷ್ಟು ಹೇಳಿದರೆ ಸಾಕು, ಪುಟದ ಅರ್ಧ ಭಯ ಹೋಗುತ್ತದೆ.

ಪುಸ್ತಕದ ಇಂಗ್ಲಿಷಿಗೆ ಇನ್ನೊಂದು ಅಭ್ಯಾಸವಿದೆ, ಕ್ರಿಯೆಗಳನ್ನೆಲ್ಲ ಹೆಸರುಗಳಾಗಿ ಮಾಡಿಬಿಡುವುದು. “ದಿ ರಿಮೂವಲ್ ಆಫ್ ಟ್ರೀಸ್ ಲೆಡ್ ಟು ದಿ ಇರೋಶನ್ ಆಫ್ ಟಾಪ್‌ಸಾಯಿಲ್.” ಬಯಲುಸೀಮೆಯ ರೈತನ ಮಗನಿಗೆ ಇದರೊಳಗಿನ ಸಂಗತಿ ಪುಸ್ತಕ ಬರೆದವನಿಗಿಂತ ಚೆನ್ನಾಗಿ ಗೊತ್ತು: ಮರ ಕಡಿದರು, ಮೇಲ್ಮಣ್ಣು ಕೊಚ್ಚಿಹೋಯಿತು. ‘ರಿಮೂವಲ್’ ಒಳಗೆ ‘ರಿಮೂವ್’ ಇದೆ, ‘ಇರೋಶನ್’ ಒಳಗೆ ‘ಇರೋಡ್’ ಇದೆ, ಹೆಸರನ್ನು ಮತ್ತೆ ಕ್ರಿಯೆಗೆ ತಿರುಗಿಸಿಕೋ ಎಂದು ಹೇಳಿಕೊಡುವವರು ಬೇಕು, ಅಷ್ಟೇ.

ಪದಗಳ ಲೆಕ್ಕವೂ ಹೆದರಿಸುವಂಥದ್ದಲ್ಲ. ಯಾರ ನೆರವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಬೇಕಾದರೆ ಪುಟದ 100 ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂದು ಪದಕಲಿಕೆಯ ಸಂಶೋಧಕರು ಕಂಡುಕೊಂಡಿದ್ದಾರೆ. ಇದನ್ನು ಕೇಳಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಏವ್ರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನದ ಪುಸ್ತಕ, ಲೇಖನಗಳನ್ನು ಸೋಸಿ, ಎಲ್ಲ ಕಡೆಯೂ ಮತ್ತೆ ಮತ್ತೆ ಬರುವ ಪದಗಳ ಪಟ್ಟಿಯೊಂದನ್ನು 2000ದಲ್ಲಿ ಪ್ರಕಟಿಸಿದರು. ಅದರಲ್ಲಿರುವುದು 570 ಪದಕುಟುಂಬಗಳು. ದಿನಬಳಕೆಯ ಸುಮಾರು 2,000 ಪದಕುಟುಂಬಗಳನ್ನು ಬಿಟ್ಟು ಲೆಕ್ಕ ಹಾಕಿದ ಪಟ್ಟಿ ಇದು. ಇಷ್ಟೇ ಪದಗಳು ಶೈಕ್ಷಣಿಕ ಬರಹದ ಶೇ. 10ರಷ್ಟನ್ನು ಆವರಿಸುತ್ತವೆ. ದಿನಕ್ಕೆ ಎರಡು ಕಲಿತರೂ ಒಂದು ವರ್ಷದೊಳಗೆ ಮುಗಿಯುವ ಕೆಲಸ. ಆ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ಕನ್ನಡದ ಅರ್ಥ, ಜೊತೆಗೆ ಒಂದೊಂದು ಉದಾಹರಣೆ ಸೇರಿಸಿ ಹೊಸ ವಿದ್ಯಾರ್ಥಿಯ ಕೈಗೆ ಪ್ರಾಸ್ಪೆಕ್ಟಸ್ ಜೊತೆಗೇ ಕೊಡಲು ಯಾವ ಕಾಲೇಜಿಗೂ ದೊಡ್ಡ ಖರ್ಚು ಬರುವುದಿಲ್ಲ. ಅದಕ್ಕಿಂತ ಮೊದಲು ಕಲಿಯಬೇಕಾದವು ‘ಹೌಎವರ್, ಆಲ್ದೋ, ವೇರ್‌ಆಸ್, ಅನ್‌ಲೆಸ್, ದೇರ್‌ಫೋರ್’ ಮುಂತಾದ ಒಂದು ಹಿಡಿ ಪದಗಳು. ಲೇಖಕ ಒಪ್ಪುತ್ತಿದ್ದಾನೋ, ತಿರುಗಿ ಬೀಳುತ್ತಿದ್ದಾನೋ, ಷರತ್ತು ಹಾಕುತ್ತಿದ್ದಾನೋ ಎಂಬುದು ಇವುಗಳಲ್ಲೇ ಇದೆ.

ಓದು ಮೊದಲು ಎಂಬ ಮಾತು ನಮ್ಮ ಸ್ವಂತದ್ದಲ್ಲ. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ 1926ರಲ್ಲಿ ಬಂಗಾಳದ ಮಕ್ಕಳನ್ನು ಕಂಡು ಇದನ್ನೇ ವಾದಿಸಿದ. ಬಹಳಷ್ಟು ಮಕ್ಕಳು ನಡುವೆಯೇ ಶಾಲೆ ಬಿಡುತ್ತಾರೆ; ಅರ್ಧಂಬರ್ಧ ಕಲಿತ ಮಾತು ಯಾವ ಕೆಲಸಕ್ಕೂ ಬಾರದು, ಅರ್ಧ ಕಲಿತ ಓದು ಅಷ್ಟರಮಟ್ಟಿಗಾದರೂ ಉಪಯೋಗಕ್ಕೆ ಬರುತ್ತದೆ ಎಂಬುದು ಅವನ ತರ್ಕ. ಇದಕ್ಕೆ ಅವನು ಬಳಸಿದ ಮಾತು ವಿಮೆಯ ಲೋಕದ್ದು: ಸರೆಂಡರ್ ವ್ಯಾಲ್ಯೂ. ಎಲ್‌ಐಸಿ ಪಾಲಿಸಿಯನ್ನು ಮಧ್ಯದಲ್ಲೇ ಮುರಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ 1964–66ರ ಕೊಠಾರಿ ಆಯೋಗ ಇಂಗ್ಲಿಷನ್ನು ಉನ್ನತ ಶಿಕ್ಷಣದ ‘ಗ್ರಂಥಾಲಯ ಭಾಷೆ’ ಎಂದು ಕರೆಯಿತು. ಎಂಥ ಸರಿಯಾದ ಹೆಸರು! ಆದರೆ ನಮ್ಮ ಇಂಗ್ಲಿಷ್ ಪಾಠ ಗ್ರಂಥಾಲಯದ ಬಾಗಿಲವರೆಗೂ ಹೋಗಲಿಲ್ಲ. ಎಷ್ಟೋ ಕಾಲೇಜುಗಳಲ್ಲಿ ನಿಘಂಟುಗಳು ಇನ್ನೂ ಬೀಗ ಹಾಕಿದ ಬೀರುವಿನಲ್ಲಿವೆ.

ವ್ಯಾಕರಣ ತಾನಾಗಿ ಬರುತ್ತದೆ, ಬಿಡಿಸಿ ಹೇಳಬೇಕಿಲ್ಲ ಎನ್ನುವವರೂ ಇದ್ದಾರೆ. ಅವರು ಎನ್.ಎಸ್. ಪ್ರಭು ಅವರ ಹೆಸರು ಹೇಳುತ್ತಾರೆ. ಪ್ರಭು ಅವರ ಪ್ರಯೋಗ 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಯಿತು. ಇಂಗ್ಲಿಷ್ ಬೋಧನೆಯ ಜಗತ್ತಿನಲ್ಲಿ ಅದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ಮಕ್ಕಳಿಗೆ ವೇಳಾಪಟ್ಟಿ, ನಕ್ಷೆ, ಲೆಕ್ಕಗಳಂಥ ಕೆಲಸ ಕೊಟ್ಟು, ಗಮನವೆಲ್ಲ ಅರ್ಥದ ಮೇಲಿದ್ದಾಗ ಭಾಷೆಯ ಕಟ್ಟು ತಾನೇ ಒಳಗಿಳಿಯುತ್ತದೆ ಎಂದು ಅವರು ನಂಬಿದರು. ಅರ್ಥದ ಮೇಲೆ ಗಮನ ಎಂಬುದನ್ನು ನಾವು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತೇವೆ. ಆದರೆ ನಮ್ಮ ಮುಂದಿರುವವರು ಹೈಸ್ಕೂಲಿನ ಮಕ್ಕಳಲ್ಲ. ಹದಿನೆಂಟು ವರ್ಷದವರು, ಕೈಯಲ್ಲಿ ಇರುವುದು ಮೂರೇ ವರ್ಷ, ಮೊದಲ ಸೆಮಿಸ್ಟರಿನಿಂದಲೇ ಪುಸ್ತಕ ಓದಬೇಕು. ತಾನಾಗಿ ಬರಲಿ ಎಂದು ಕಾಯುವಷ್ಟು ಪುರುಸೊತ್ತು ಅವರಿಗಿಲ್ಲ.

ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡ ಸಹೋದ್ಯೋಗಿಗಳಿಗೆ ನಮ್ಮದೊಂದು ಪ್ರಶ್ನೆ. ಕರ್ತೃ, ಕರ್ಮ, ಕ್ರಿಯಾಪದ, ವಿಭಕ್ತಿ, ಕೃದಂತ, ಕರ್ಮಣಿ ಇವೆಲ್ಲ ನಿಮ್ಮ ವಿದ್ಯಾರ್ಥಿಗೆ ಆಗಲೇ ಗೊತ್ತು. ಗೊತ್ತಿರುವುದನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದು ಏಕೆ ಹೇಳುತ್ತೀರಿ? ಇನ್ನು ಕೆಲವರು, ಎಲ್ಲ ಪುಸ್ತಕಗಳೂ ಕನ್ನಡದಲ್ಲಿ ಬಂದರೆ ಈ ಗೋಳೇ ಇಲ್ಲವಲ್ಲ ಎನ್ನುತ್ತಾರೆ. ಬರಲಿ, ಬರಲೇಬೇಕು. ಆ ಪುಸ್ತಕಗಳನ್ನು ಬರೆಯಬೇಕಾದವರು ಇವರೇ, ಇವತ್ತಿನ ವಿದ್ಯಾರ್ಥಿಗಳು. ಇಂಗ್ಲಿಷಿನಲ್ಲಿರುವುದನ್ನು ಸರಿಯಾಗಿ ಓದಲಾರದವರು ಕನ್ನಡಕ್ಕೆ ತರುವುದಾದರೂ ಏನನ್ನು?

ಫೋನಿನ ಕ್ಯಾಮೆರಾ ಹಿಡಿದರೆ ಪುಟವೆಲ್ಲ ಕನ್ನಡವಾಗುತ್ತದೆ ಎಂಬ ಮಾತು ಈಗ ಹೆಚ್ಚು. ಬಳಸಿ, ನಾವೂ ಬಳಸುತ್ತೇವೆ. ಆದರೆ ಮೊದಲು ನೀವೇ ಕಂಸ ಹಾಕಿ, ಕ್ರಿಯಾಪದ ಗುರುತಿಸಿ, ನಿಮ್ಮ ಅರ್ಥ ಬರೆದುಕೊಳ್ಳಿ, ಆಮೇಲೆ ಫೋನಿನದ್ದನ್ನು ಪಕ್ಕಕ್ಕಿಟ್ಟು ನೋಡಿ. ಎರಡೂ ಬೇರೆಯಾದಾಗ ಯಾವುದು ಸರಿ ಎಂದು ತೀರ್ಮಾನಿಸುವುದೇ ಆ ದಿನದ ಕಲಿಕೆ. ಪರೀಕ್ಷಾ ಕೊಠಡಿಯಲ್ಲಿ “ಕೆಳಗಿನವುಗಳಲ್ಲಿ ಯಾವುದು ಅಲ್ಲ” ಎಂಬ ಇಂಗ್ಲಿಷ್ ಪ್ರಶ್ನೆಯ ‘ನಾಟ್’ ಕಣ್ಣಿಗೆ ಬೀಳದೆ ಅಂಕ ಕಳೆದುಕೊಂಡವರಿಗೆ ಫೋನು ಒದಗುವುದಿಲ್ಲ.

2021ರಲ್ಲಿ ಹೊಸ ನೀತಿ ಎಂದು ನಮ್ಮ ಪದವಿ ಪಠ್ಯಕ್ರಮ ಬದಲಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಇನ್ನೊಮ್ಮೆ ಬದಲಾಯಿತು. ಪಾಠದ ಹೆಸರುಗಳು ಬದಲಾದವು, ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮನಸ್ಸು ಬದಲಾಗಲಿಲ್ಲ. ಪ್ರಶ್ನೆಪತ್ರಿಕೆ ಬದಲಾಗದೆ ತರಗತಿ ಬದಲಾಗದು. ಆದ್ದರಿಂದ ಪಠ್ಯಕ್ರಮ ಮಂಡಳಿಗಳಲ್ಲಿ ಕೂರುವ ಹಿರಿಯರನ್ನು ಕೇಳುತ್ತಿದ್ದೇವೆ: ಮೊದಲ ಎರಡು ಸೆಮಿಸ್ಟರಿನ ಇಂಗ್ಲಿಷ್ ಪತ್ರಿಕೆಯ ಅರ್ಧ ಅಂಕಗಳನ್ನು, ವಿದ್ಯಾರ್ಥಿ ಹಿಂದೆ ಕಾಣದ, ಅವನದೇ ವಿಷಯಕ್ಕೆ ಸೇರಿದ ಗದ್ಯಭಾಗಕ್ಕೆ ಮೀಸಲಿಡಿ. ಗೈಡಿನಲ್ಲಿ ಉತ್ತರ ಸಿಗದಂತಿರಲಿ. ಅರ್ಥವಾಗಿದೆಯೇ ಎಂದು ನೋಡುವ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸಲು ಬಿಡಿ. ಅಲ್ಲಿ ಅಳೆಯಬೇಕಾದದ್ದು ಓದನ್ನು, ಬರವಣಿಗೆಯನ್ನಲ್ಲ. ಬರವಣಿಗೆಗೆ ಉಳಿದ ಅರ್ಧ ಇದೆ. ಇತಿಹಾಸ, ವಾಣಿಜ್ಯ, ಭೌತಶಾಸ್ತ್ರದ ಅಧ್ಯಾಪಕರೂ ಇದು ಇಂಗ್ಲಿಷ್ ಮೇಷ್ಟರ ಕೆಲಸ ಎಂದು ಕೈತೊಳೆದುಕೊಳ್ಳದೆ ವಾರಕ್ಕೊಂದು ಪುಟವನ್ನು ವಿದ್ಯಾರ್ಥಿಗಳ ಜೊತೆ ಕೂತು ಓದಲಿ. ನೋಟ್ಸ್ ಡಿಕ್ಟೇಟ್ ಮಾಡುವ ಸಮಯದಲ್ಲಿ ಹತ್ತು ನಿಮಿಷ ಕಳೆದರೆ ಇದಕ್ಕೆ ಸಾಕು.

ವಿದ್ಯಾರ್ಥಿಗಳು ಇದಾವುದಕ್ಕೂ ಕಾಯಬೇಕಿಲ್ಲ. ಮೂರು ನಾಲ್ಕು ಮಂದಿ ಸೇರಿ, ಒಂದು ಪುಸ್ತಕ, ಒಂದು ಇಂಗ್ಲಿಷ್–ಕನ್ನಡ ನಿಘಂಟು, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಮೊದಲು ಅಧ್ಯಾಯದ ಶೀರ್ಷಿಕೆ, ಉಪಶೀರ್ಷಿಕೆಗಳನ್ನು ನೋಡಿ, ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಓದಿ ಏನು ಬರಲಿದೆ ಎಂದು ಊಹಿಸಿ. ಆಮೇಲೆ ಪೂರ್ತಿ ಓದಿ. ಗೊತ್ತಿಲ್ಲದ ಪ್ರತಿಯೊಂದು ಪದಕ್ಕೂ ನಿಲ್ಲಬೇಡಿ. ಎರಡನೇ ಸಲ ಎದುರಾದರೆ ಮಾತ್ರ ನಿಘಂಟು ತೆಗೆಯಿರಿ. ತೊಡಕಿನ ವಾಕ್ಯಕ್ಕೆ ಕಂಸ ಹಾಕಿ. ಕೊನೆಗೆ ಪುಸ್ತಕ ಮುಚ್ಚಿ, ಓದಿದ್ದನ್ನು ಕನ್ನಡದಲ್ಲಿ ಪಕ್ಕದವರಿಗೆ ಹೇಳಿ. ಮೊದಲ ವಾರ ಗಂಟೆಗೆ ಅರ್ಧ ಪುಟವೂ ಸಾಗದೆ ಇರಬಹುದು. ಬೇಜಾರಾಗಬೇಡಿ, ವೇಗ ಆಮೇಲೆ ಬರುತ್ತದೆ.

ಈ ಕರಪತ್ರವನ್ನು ಯಾರು ಬೇಕಾದರೂ ಜೆರಾಕ್ಸ್ ಮಾಡಿ ಹಂಚಬಹುದು, ಅನುಮತಿ ಬೇಕಿಲ್ಲ. ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ನಿಮ್ಮ ಪಠ್ಯಪುಸ್ತಕದಲ್ಲಿ ನಿಮ್ಮನ್ನು ಅತಿ ಹೆಚ್ಚು ಸತಾಯಿಸಿದ ವಾಕ್ಯವನ್ನು ಅಲ್ಲಿ ಬರೆದು ನಿಮ್ಮ ಇಂಗ್ಲಿಷ್ ಅಧ್ಯಾಪಕರ ಮೇಜಿನ ಮೇಲಿಡಿ.

— ಸರ್ಕಾರಿ ಪದವಿ ಕಾಲೇಜುಗಳ ಕೆಲವು ಅಧ್ಯಾಪಕರು