ಒಂದು ವಠಾರ, ಹಲವು ಗಡಿಯಾರ

ಗವಿಪುರದ ಗಂಗಾಧರೇಶ್ವರನ ಗುಹಾಲಯದಲ್ಲಿ ಮಕರಸಂಕ್ರಾಂತಿಯ ಸಾಯಂಕಾಲ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಸ್ಪರ್ಶಿಸುವುದನ್ನು ಕಾಣಲು ನೆರೆಯುವ ಬಸವನಗುಡಿಯ ಭಕ್ತಜನರು, ತಮ್ಮ ಕೈಗಡಿಯಾರಗಳು ಪರಸ್ಪರ ಎರಡು ಮೂರು ನಿಮಿಷ ಹಿಂದುಮುಂದಾಗಿದ್ದರೂ ಚಿಂತಿಸುವವರಲ್ಲ. ಅಲ್ಲಿ ಪ್ರಮಾಣವೆಂಬುದು ಸೂರ್ಯನೊಬ್ಬನೇ.

ಗಣಕಯಂತ್ರಗಳಿಗೆ ಆ ಸೌಭಾಗ್ಯವಿಲ್ಲ. ಅನೇಕ ಪ್ರೊಸೆಸರುಗಳುಳ್ಳ ಮಹಾಯಂತ್ರವೊಂದನ್ನು ವಿಭಾಗಿಸಿ, ಚಾಮರಾಜಪೇಟೆಯ ಹಳೆಯ ವಠಾರದಂತೆ ಒಂದೇ ಸೂರಿನಡಿ ಹಲವು ಸಂಸಾರಗಳನ್ನು ಹೂಡಿದಾಗ, ಪ್ರತಿಯೊಂದು ವಿಭಾಗವೂ ತನ್ನದೇ ಕಾರ್ಯಾಚರಣ ವ್ಯವಸ್ಥೆಯನ್ನೂ ತನ್ನದೇ ಕಾಲಗಣನೆಯನ್ನೂ ಇಟ್ಟುಕೊಳ್ಳುವುದು; ಕಾಲವನ್ನಳೆಯುವ ಸ್ಫಟಿಕವಾದರೋ ಉಷ್ಣದ ಏರಿಳಿತಕ್ಕೆ ಸಿಲುಕಿ ಸೆಕೆಂಡಿಗೆ ಕೆಲವು ಮೈಕ್ರೊಸೆಕೆಂಡುಗಳಷ್ಟು ದಾರಿ ತಪ್ಪುವುದು. ಹೀಗೆ ಒಂದು ವಿಭಾಗದ ಗಡಿಯಾರವು ಇನ್ನೊಂದರದಕ್ಕೆ ಹೊಂದದೆ, ಹಣವು ಜಮೆಯಾಗುವ ಮುನ್ನವೇ ಖರ್ಚಾಯಿತೆಂದು ಲೆಕ್ಕವು ನುಡಿದರೆ ಯಾರನ್ನು ನಂಬುವುದು? ಮುಂದೋಡಿದ ಗಡಿಯಾರವನ್ನು ಥಟ್ಟನೆ ಹಿಂದಕ್ಕೆ ತಿರುಗಿಸುವುದು ಅಪಾಯ. ಅದರ ನಡೆಯನ್ನು ಮಂದಗೊಳಿಸಿ, ಉಳಿದವು ಬಂದು ಸೇರುವತನಕ ಕಾಯಬೇಕು. ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟರು 1978ರಲ್ಲಿಯೇ ತೋರಿಸಿದಂತೆ, ಎಷ್ಟೋ ಸಂದರ್ಭಗಳಲ್ಲಿ ಗಂಟೆಗಿಂತ ಘಟನೆಗಳ ಪೂರ್ವಾಪರವೇ ಮುಖ್ಯ.

ಅಧಿಕಮಾಸವನ್ನು ನಿರಾತಂಕವಾಗಿ ಅರಗಿಸಿಕೊಂಡಿರುವ ನಮ್ಮ ಪಂಚಾಂಗಕರ್ತರಿಗೆ ನಗು ಬಂದೀತು: 2012ರ ಜುಲೈ 1ರಂದು, ಮಲ್ಲೇಶ್ವರದಲ್ಲಿ ಇನ್ನೂ ನಸುಕು ಹರಿಯುತ್ತಿದ್ದ 5.30ರ ಹೊತ್ತಿಗೆ, ಲೋಕದ ಗಡಿಯಾರಕ್ಕೆ ಸೇರಿಸಿದ ಒಂದೇ ಒಂದು ಅಧಿಕ ಸೆಕೆಂಡು ಅನೇಕ ಲಿನಕ್ಸ್ ಯಂತ್ರಗಳನ್ನು ಸ್ತಂಭೀಭೂತಗೊಳಿಸಿತು.

ಭಾರತೀಯ ಕಾಲಮಾನವನ್ನೇ ಸರ್ವತ್ರ ಕಡ್ಡಾಯಗೊಳಿಸುವ ಕರಡು ನಿಯಮಗಳನ್ನು ಕೇಂದ್ರವು 2025ರ ಜನವರಿಯಲ್ಲಿ ಪ್ರಕಟಿಸಿತು. ಅದು ಯುಕ್ತವೆಂದೇ ನನ್ನ ಮತ. ಆದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರದಿಂದ ಬರುವ ಕಾಲವು ಯಂತ್ರದ ಹೊಸ್ತಿಲಲ್ಲೇ ನಿಂತುಬಿಟ್ಟರೆ, ಒಳಗಿನ ಸಂಸಾರಗಳು ತಂತಮ್ಮ ಗಂಟೆಯನ್ನೇ ಬಾರಿಸುತ್ತಿರುವುವು.