ಹಲ್ಲಿನ ಸೆಟ್ ಒಂದು ದಿನದ ಶಿಬಿರದ ಕೆಲಸವಲ್ಲ

ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳು ಏರ್ಪಡಿಸುವ ಉಚಿತ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ದಂತವೈದ್ಯರ ಮೇಜಿನ ಮುಂದೆಯೂ ಸಾಲು ಇರುತ್ತದೆ. ಹಲ್ಲು ನೋಡಿ, ಚೀಟಿ ಬರೆದು, ಟೂತ್‌ಪೇಸ್ಟ್ ಕೊಟ್ಟು ಕಳುಹಿಸಲಾಗುತ್ತದೆ. ಹಲ್ಲೇ ಇಲ್ಲದ ಹಿರಿಯರು ಮಾತ್ರ ಆ ಸಾಲಿನಲ್ಲಿ ನಿಲ್ಲುವುದಿಲ್ಲ. ತೋರಿಸಲು ಏನಿದೆ ಎಂಬುದು ಅವರ ಪ್ರಶ್ನೆ.

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. 2036ರ ವೇಳೆಗೆ ಇದು 22 ಕೋಟಿ ಮೀರಲಿದೆ ಎಂಬುದು ಸರಕಾರಿ ತಜ್ಞರ ಅಂದಾಜು. ಈಗ ಹಲ್ಲಿನ ಬಗ್ಗೆ ಜಾಗೃತಿ ಹೆಚ್ಚಿದೆ, ಮುಂದೆ ಸೆಟ್ ಯಾರಿಗೆ ಬೇಕು ಎನ್ನುವವರಿದ್ದಾರೆ. ಆದರೆ ಅಮೆರಿಕದಂತಹ ದೇಶದಲ್ಲೂ, ಹಲ್ಲು ಪೂರ್ತಿ ಕಳೆದುಕೊಳ್ಳುವವರ ಪ್ರಮಾಣ ಇಳಿಯುತ್ತಿದ್ದರೂ ವೃದ್ಧರ ಸಂಖ್ಯೆಯೇ ಏರುವುದರಿಂದ, 1991ರಲ್ಲಿ 3.36 ಕೋಟಿ ಮಂದಿಗೆ ಬೇಕಿದ್ದ ದಂತಪಂಕ್ತಿ 2020ಕ್ಕೆ 3.79 ಕೋಟಿ ಮಂದಿಗೆ ಬೇಕಾದೀತೆಂದು 2002ರ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಕರ್ನಾಟಕ ಸರಕಾರ 2014-15ರಲ್ಲಿ ಆರಂಭಿಸಿದ ದಂತಭಾಗ್ಯ ಯೋಜನೆ ಅಲ್ಲಿನ ಬಿಪಿಎಲ್ ಕುಟುಂಬಗಳಿಗೆ ಮೀಸಲು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಇಲ್ಲೇ ಮುದುಕರಾದವರಿಗೆ ಅದು ಎಟುಕದು. ಕೇಂದ್ರದ 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯ ಪಟ್ಟಿಯಲ್ಲಿ ಊರುಗೋಲು, ಕನ್ನಡಕ, ಶ್ರವಣಯಂತ್ರದ ಜತೆ ಕೃತಕ ದಂತವೂ ಇದೆ. ಆದರೆ ಊರುಗೋಲನ್ನು ಕೈಗಿತ್ತಂತೆ ಹಲ್ಲನ್ನು ಕೊಡಲಾಗದು. ವಸಡಿನ ಅಚ್ಚು ತೆಗೆಯಬೇಕು, ಕಚ್ಚುವ ಅಳತೆ ನೋಡಬೇಕು, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ಪರೀಕ್ಷಿಸಬೇಕು. ನಾಲ್ಕೈದು ಭೇಟಿಯಾದರೂ ಬೇಕು. ಸೆಟ್ ಕೈಸೇರಿದ ಮೇಲೂ ಅದು ತಾಗಿ ವಸಡು ಹುಣ್ಣಾಗುತ್ತದೆ. ವೈದ್ಯರು ಆ ಜಾಗವನ್ನು ಉಜ್ಜಿ ಸರಿಪಡಿಸದಿದ್ದರೆ ಹಲ್ಲು ಡಬ್ಬಿ ಸೇರುತ್ತದೆ, ಅಜ್ಜ ಮತ್ತೆ ಗಂಜಿಗೆ ಮರಳುತ್ತಾರೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂರದೆ, ಹಸಿವಿಲ್ಲ ಎಂದು ಸುಳ್ಳು ಹೇಳಿ ಹೊರಟುಬಿಡುವ ಹಿರಿಯರು ಯಾವ ಸಮಾಜದಲ್ಲಿಲ್ಲ?

ಮುಂಬಯಿ ಸೆಂಟ್ರಲ್‌ನಲ್ಲಿ ನಾಯರ್ ದಂತ ಕಾಲೇಜಿದೆ, ಸೈಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜಿದೆ. ಡೊಂಬಿವಲಿಯ ಅಜ್ಜಿಯನ್ನು ಐದು ಬಾರಿ ಲೋಕಲ್ ರೈಲು ಹತ್ತಿಸಿ ಅಲ್ಲಿಗೆ ಕರೆದೊಯ್ಯುವವರು ಯಾರು? ಮಗ-ಸೊಸೆಗೆ ರಜೆ ಇಲ್ಲ. ಸಂಘಗಳ ಯುವ ವಿಭಾಗ, ಮಹಿಳಾ ವಿಭಾಗಗಳು ಬೇಕಾಗಿರುವುದು ಇಲ್ಲಿ. ಒಂದೇ ದಿನ ಮುನ್ನೂರು ಮಂದಿಯ ಬಾಯಿ ನೋಡುವ ಬದಲು ವರ್ಷಕ್ಕೆ ಇಪ್ಪತ್ತು ಮಂದಿಯ ಜವಾಬ್ದಾರಿಯನ್ನು ಕೊನೆಯ ಭೇಟಿಯವರೆಗೆ ಹೊತ್ತರೂ ಸಾಕು. ಇದರಲ್ಲಿ ವೇದಿಕೆ, ಶಾಲು, ಭಾವಚಿತ್ರಗಳಿಗೆ ಅವಕಾಶ ಕಡಿಮೆ, ನಿಜ. ದಾನಿಗಳಿಗೆ ಅದನ್ನು ಬಿಡಿಸಿ ಹೇಳುವುದು ಪದಾಧಿಕಾರಿಗಳ ಕೆಲಸ. ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಮುನ್ನ ಸದಸ್ಯರ ಮನೆಗಳಲ್ಲಿ ಹಲ್ಲಿಲ್ಲದ ಹಿರಿಯರೆಷ್ಟು ಎಂಬ ಪಟ್ಟಿಯೊಂದು ಸಿದ್ಧವಾಗಲಿ.