ಕೆಂಪು ಗೆರೆಗೆ ಕತ್ತರಿ

ನಮ್ಮ ನಾರಾವಿ ಕಡೆ ಅಂಗಡಿಗೆ ಹೋಗಿ ‘ಇಲಿಗೆ ಮದ್ದು ಕೊಡಿ’ ಎಂದರೆ ಪಾಷಾಣ ಎಂದೇ ಅರ್ಥ. ಕಳೆದ ಮಳೆಗಾಲದಲ್ಲಿ ಪೇಟೆಗೆ ಇಳಿದು ನಾನು ಹಾಗೆ ಕೇಳಿದಾಗ ಮೆಡಿಕಲ್‌ನವರು ನಕ್ಕದ್ದರಲ್ಲಿ ತಪ್ಪೇನಿಲ್ಲ. ‘ಕೊಲ್ಲುದಕ್ಕಲ್ಲ ಮಾರಾಯ್ರೆ, ಮಗಳು ಸಾಕಿದ ಬಿಳಿ ಇಲಿ. ಉಸಿರು ಗೊರಗೊರ ಅಂತ ಉಂಟು’ ಎಂದೆ.

‘ಅಷ್ಟೇಯಾ?’ ಎಂದವರು ಚೀಟಿ ಕೇಳಲಿಲ್ಲ, ತೂಕ ಕೇಳಲಿಲ್ಲ. ಅಮಾಕ್ಸಿಸಿಲಿನ್ 500 ಮಿಲಿಗ್ರಾಂ, ಹತ್ತರ ಸ್ಟ್ರಿಪ್ಪು ಎಳೆದು ಮೇಜಿನ ಮೇಲಿಟ್ಟರು. ‘ಬಿಡಿಸಿ ಸ್ವಲ್ಪ ಸ್ವಲ್ಪ ನೀರಿಗೆ ಹಾಕಿ. ಉಳಿದದ್ದು ಇರಲಿ, ಮನೆಯಲ್ಲಿ ಯಾರಿಗಾದರೂ ಜ್ವರಕ್ಕೆ ಆಗ್ತದೆ.’ ಹತ್ತು ಬೇಡ ಎಂದದ್ದಕ್ಕೆ ಕತ್ತರಿ ತೆಗೆದು ಆರು ಕತ್ತರಿಸಿಕೊಟ್ಟರು. ಕತ್ತರಿ ಹಾದುಹೋದದ್ದು ಸರಿಯಾಗಿ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯ ಪಕ್ಕದಲ್ಲಿ.

ಆ ಗೆರೆ ಅಂದಕ್ಕೆ ಎಳೆದದ್ದಲ್ಲ. ವೈದ್ಯರ ಚೀಟಿ ಇಲ್ಲದೆ ಇದನ್ನು ನುಂಗಬೇಡಿ ಎಂದು ಓದು ಬಾರದವರಿಗೂ ತಿಳಿಯಲಿ ಅಂತ 2016ರಲ್ಲಿ ಕೇಂದ್ರ ಸರ್ಕಾರ ಊರೂರಿಗೆ ಹೇಳಿದ ಗುರುತು. 1945ರ ಔಷಧ ನಿಯಮಗಳ ಎಚ್ ಅನುಸೂಚಿ ಹೇಳುವುದೂ ಅದನ್ನೇ. ಅದೇ 1945ರ ಡಿಸೆಂಬರಿನಲ್ಲಿ, ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ರೋಗಾಣುಗಳಿಗೆ ನಾವೇ ಮದ್ದನ್ನು ತಡೆದುಕೊಳ್ಳುವ ಪಾಠ ಕಲಿಸಿದಂತೆ ಎಂದು ಎಚ್ಚರಿಸಿದ್ದರು. ನಾವು ಆ ಪಾಠಶಾಲೆಯನ್ನು ಮನೆಮನೆಯಲ್ಲಿ ತೆರೆದಿದ್ದೇವೆ.

ಅಳತೆ ಗೊತ್ತಿಲ್ಲದ ಜನ ನಾವು ಎಂದರೆ ನಾನು ಒಪ್ಪುವುದಿಲ್ಲ. ಅಡಿಕೆಗೆ ಕೊಳೆರೋಗ ಬರುವ ಮುಂಚೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಲೆಕ್ಕ ಹಿಡಿಯುವವರು ನಾವು. ದ್ರಾವಣಕ್ಕೆ ಕತ್ತಿ ಅದ್ದಿ, ಅಲಗಿನಲ್ಲಿ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸುರಿಯುತ್ತೇವೆ. ಮರಕ್ಕೆ ಇಷ್ಟು ನಾಜೂಕು. ಜೀವ ಉಳಿಸುವ ಮದ್ದಿಗೆ ಮಾತ್ರ ‘ಸ್ವಲ್ಪ ಸ್ವಲ್ಪ’! 350 ಗ್ರಾಂ ತೂಗುವ ಪ್ರಾಣಿಯ ಮುಂದೆ, ಅರವತ್ತು ಕಿಲೋ ಮನುಷ್ಯನಿಗೆಂದು ಮಾಡಿದ ಕ್ಯಾಪ್ಸೂಲು.

ಅಳತೆ ಸರಿಯಿದ್ದರೂ ಅದು ನಾಟುತ್ತಿರಲಿಲ್ಲ ಎಂದು ಮಂಗಳೂರಿನ ಪಶುವೈದ್ಯರೊಬ್ಬರು ಹೇಳಿದಾಗ ನನ್ನ ಮೇಲೇ ನನಗೆ ಸಿಟ್ಟು ಬಂತು. ಇಲಿಗಳ ಉಸಿರಾಟದ ಕಾಯಿಲೆಯ ಮುಖ್ಯ ಕಾರಣ ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಸೂಕ್ಷ್ಮಾಣು. ಅದಕ್ಕೆ ಕೋಶಭಿತ್ತಿಯೇ ಇಲ್ಲ. ಅಮಾಕ್ಸಿಸಿಲಿನ್ ಕೆಡಹುವುದು ಆ ಭಿತ್ತಿಯನ್ನು. ಗೋಡೆಯಿಲ್ಲದ ಮನೆಗೆ ಪಿಕಾಸಿ ಹಿಡಿದು ಹೊರಟ ಹಾಗಾಯಿತು. ತಾಯಿಯಿಂದ ಮರಿಗೆ ದಾಟುವ ಈ ಸೋಂಕು ಬಹುತೇಕ ಇಲಿಗಳಲ್ಲಿ ಜೀವನಪೂರ್ತಿ ಇರುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಮದ್ದು ತೂಕ ನೋಡಿ ಕೊಟ್ಟರೆ ಲಕ್ಷಣ ತಗ್ಗೀತು, ಬೇರು ಕೀಳುವುದಿಲ್ಲ.

ವೈದ್ಯರು ಇಲಿಯನ್ನು ಮುಟ್ಟುವ ಮುಂಚೆ ಅದರ ಡಬ್ಬಿ ಮೂಸಿದ್ದರು. ಮರದ ಮಿಲ್ಲಿನ ಹುಡಿ, ಅದರ ಮೇಲೆ ವಾರದ ಮೂತ್ರ, ಮಳೆಗಾಲವೆಂದು ಮುಚ್ಚಿದ ಕಿಟಕಿ. ಮೂತ್ರದಿಂದ ಏಳುವ ಅಮೋನಿಯಾ ಶ್ವಾಸನಾಳವನ್ನು ಸುಟ್ಟು ಮಲಗಿದ್ದ ಸೋಂಕನ್ನು ಎಬ್ಬಿಸುತ್ತದೆ. ಮೂಗಿನ ಸುತ್ತ ಕಂಡು ನಾವು ರಕ್ತವೆಂದು ಹೆದರಿದ್ದು ಕಣ್ಣಿನ ಗ್ರಂಥಿಯಿಂದ ಒಸರುವ ಕೆಂಪು ಬಣ್ಣ. ಪ್ರಾಣಿ ನರಳುತ್ತಿದೆ ಎಂಬುದರ ಸೂಚನೆ. ಡಬ್ಬಿ ತೊಳೆಯಲು ಸೋಮಾರಿತನ, ಕ್ಯಾಪ್ಸೂಲು ಬಿಡಿಸಲು ಮಾತ್ರ ಉತ್ಸಾಹ.

ಒಂದು ಇಲಿಗೆ ಇಷ್ಟು ರಂಪವೇ ಎನ್ನುವವರು ಹಿತ್ತಿಲ ಗೂಡಿನ ಕಡೆ ತಿರುಗಿ ನೋಡಲಿ. ಊರ ಕೋಳಿಗೂ ಬರುವುದು ಇದೇ ಕುಲದ ರೋಗಾಣು, ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್. ಕೋಳಿ ಅಂಕಕ್ಕೆ ಸಾಕಿದ ಹುಂಜ ಒಮ್ಮೆ ಸೀನಿದರೆ ಸಾಕು, ಟೆಟ್ರಾಸೈಕ್ಲಿನ್ ಹುಡಿ ನೀರಿಗೆ ಬೀಳುತ್ತದೆ. ಎರಡನೇ ದಿನ ಕೂಗಿದರೆ ಮದ್ದು ಬಂದ್. ಮೂರನೇ ದಿನ ಗೂಡು ತೊಳೆದ ನೀರು ತೋಡಿಗೆ. ದೊಡ್ಡ ಫಾರಂಗಳದ್ದು ಇನ್ನೂ ಘೋರ: ಬೇರೆ ಯಾವುದೂ ನಾಟದ ರೋಗಿಗೆ ಕೊನೆಗೆ ಕೊಡುವ ಕೊಲಿಸ್ಟಿನ್ ಅನ್ನು ಕೋಳಿ ಬೇಗ ಕೊಬ್ಬಲಿ ಎಂದು ಆಹಾರದಲ್ಲಿ ಬೆರೆಸುತ್ತಿದ್ದರು. ಸರ್ಕಾರ ಅದನ್ನು ನಿಷೇಧಿಸಿದ್ದು 2019ರ ಜುಲೈಯಲ್ಲಿ. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷಿಸಿದ 70 ಕೋಳಿ ಮಾದರಿಗಳಲ್ಲಿ ಶೇಕಡಾ 40ರಲ್ಲಿ ಆಂಟಿಬಯೋಟಿಕ್ ಉಳಿಕೆ ಸಿಕ್ಕಿತ್ತು. ಮದ್ದು ಸೋತ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಕಾಡು ಕಡಿದರೆ ಬೋಳುಗುಡ್ಡ ಕಾಣುತ್ತದೆ, ಮರಳು ತೆಗೆದರೆ ಹೊಳೆಯ ಗುಂಡಿ ಕಾಣುತ್ತದೆ. ಈ ಲೂಟಿಗೆ ಗುರುತೇ ಇಲ್ಲ. ಚೀಟಿ ಕೇಳದ ಅಂಗಡಿ, ಕೇಳದಿದ್ದರೆ ಖುಷಿಪಡುವ ಗಿರಾಕಿ, ಕಣ್ಣು ಮುಚ್ಚಿದ ಇಲಾಖೆ, ಮೂವರೂ ಸೇರಿ ಖಾಲಿ ಮಾಡುತ್ತಿರುವುದು ಇನ್ನೂ ಹುಟ್ಟದ ಮಕ್ಕಳ ನ್ಯುಮೋನಿಯಾಕ್ಕೆಂದು ಇದ್ದ ಮದ್ದನ್ನು.

ಇಲಿ ಈಗ ಹಳೆಯ ಬಟ್ಟೆಯ ಹಾಸಿನಲ್ಲಿ, ತೆರೆದ ಕಿಟಕಿಯ ಹತ್ತಿರ ಇದೆ. ಗೊರಗೊರ ಪೂರ್ತಿ ನಿಂತಿಲ್ಲ. ನಾನು ತಂದ ಆರು ಕ್ಯಾಪ್ಸೂಲುಗಳಲ್ಲಿ ಒಂದು ಅದರ ನೀರಿಗೆ ಹೋಗಿತ್ತು. ಉಳಿದ ಐದನ್ನು ಹಿಂದಿರುಗಿಸೋಣವೆಂದು ಕಪಾಟು ತೆರೆದರೆ ಸ್ಟ್ರಿಪ್ಪು ಇಲ್ಲ. ಪಕ್ಕದ ಮನೆಯ ಅಕ್ಕ ಬಂದಿದ್ದರಂತೆ, ಅವರ ಹೇಂಟೆಗೆ ಶೀತವಂತೆ.